ನವೆಂಬರಿಗೆಂದು ಪಟ್ಟಿ ಬರೆದಿಟ್ಟವರಿಗೆ



ನವೆಂಬರ್ ಮೊದಲ ವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದ ಕಡೆ ಹೋದವರಿಗೆ ಒಂದು ನೋಟ ತಪ್ಪದೆ ಕಾಣುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದ ‘ಸಿರಿಗನ್ನಡ’ ಮಳಿಗೆಯಲ್ಲಿ ಒಬ್ಬರು ಕತ್ತು ವಾರೆ ಮಾಡಿಕೊಂಡು ಪುಸ್ತಕಗಳ ಬೆನ್ನ ಮೇಲಿನ ಹೆಸರು ಓದುತ್ತಿರುತ್ತಾರೆ. ಇನ್ನೊಬ್ಬರು ಕುಕ್ಕರಗಾಲಲ್ಲಿ ಕೂತು ಕಪಾಟಿನ ಕೆಳಸಾಲನ್ನು ಒಂದೊಂದಾಗಿ ಹೊರಗೆಳೆಯುತ್ತಿರುತ್ತಾರೆ. ಮತ್ತೊಬ್ಬರು ಬಿಲ್ ಮಾಡಿಸಿ, ಚೀಲ ತುಂಬಿಕೊಂಡು ಬಾಗಿಲವರೆಗೆ ಹೋದವರು, ಏನೋ ನೆನಪಾಗಿ ತಿರುಗಿ ಬಂದಿರುತ್ತಾರೆ. ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಿಡೀ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತ ಬಂದಿದೆ. ಅದೇ ತಿಂಗಳು ಸಪ್ನ, ನವಕರ್ನಾಟಕದಂಥ ಮಳಿಗೆಗಳಲ್ಲೂ ಕನ್ನಡ ಪುಸ್ತಕಗಳ ಮೇಲೆ ರಿಯಾಯಿತಿಯ ಫಲಕ ತೂಗುತ್ತದೆ. ಪ್ರಮಾಣ ಮಾತ್ರ ಮಳಿಗೆಯಿಂದ ಮಳಿಗೆಗೆ ಬೇರೆ.

ಈ ಪತ್ರ ಆ ಫಲಕಕ್ಕಾಗಿ ಕಾಯುವ ನಿಮಗೆ. ಯುಗಾದಿಯಿಂದಲೇ ಹಳೆಯ ಡೈರಿಯ ಹಿಂಬದಿಯಲ್ಲಿ ಹೆಸರು ಗುರುತು ಹಾಕುತ್ತ ಬಂದ ಶಾಲಾ ಮೇಷ್ಟ್ರಿಗೆ. ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರು ದುಡ್ಡು ಕೂಡಿಸಿ ಸೂರ್ಯನಾಥ ಕಾಮತರ ‘ಕರ್ನಾಟಕದ ಸಂಕ್ಷಿಪ್ತ ಇತಿಹಾಸ’ದ ಒಂದೇ ಪ್ರತಿ ಕೊಂಡು ಸರದಿಯಲ್ಲಿ ಓದುವ ಹುಡುಗರಿಗೆ. ಅಕ್ಷರ ದಪ್ಪಗಿರುವ ಜೈಮಿನಿ ಭಾರತ ಬಂದಿದೆಯಾ ಎಂದು ಮಗನ ಕೈಲಿ ಕೇಳಿಸುವ ಅಜ್ಜಿಗೆ. ಸಾಹಿತ್ಯ ಸಮ್ಮೇಳನಕ್ಕೆ ಬಂದು, ಗೋಷ್ಠಿಯ ಪೆಂಡಾಲಿಗಿಂತ ಹೆಚ್ಚು ಹೊತ್ತನ್ನು ಮಳಿಗೆಗಳ ಸಾಲಿನಲ್ಲಿ ಕಳೆಯುವ ಸಾವಿರಾರು ಜನರಿಗೂ ಇದು ಸಲ್ಲುತ್ತದೆ. ಅವರನ್ನು ಕಂಡು ‘ಭಾಷಣ ಕೇಳೋಕೆ ಬಂದವರಲ್ಲ, ಸುತ್ತಾಡೋಕೆ ಬಂದವರು’ ಎಂದು ಹೇಳುವವರುಂಟು. ಆ ಮಾತು ಸರಿಯಲ್ಲ. ಮಳಿಗೆಗಳ ಮುಂದೆ ನಿಂತವರೂ ಸಮ್ಮೇಳನದ ಕೆಲಸವನ್ನೇ ಮಾಡುತ್ತಿರುತ್ತಾರೆ.

ನಿಮ್ಮ ಸಡಗರಕ್ಕೆ ಕಡಿಮೆ ಬೆಲೆಯೊಂದೇ ಕಾರಣ ಎಂದು ತಿಳಿದವರು ಕನ್ನಡ ಪುಸ್ತಕ ಊರಿಂದ ಊರಿಗೆ ಹೇಗೆ ಹೋಗುತ್ತದೆ ಎಂಬುದನ್ನು ನೋಡಿಲ್ಲ. ತಾಲ್ಲೂಕು ಕೇಂದ್ರಗಳ ಬಹುಪಾಲು ‘ಬುಕ್ ಸ್ಟಾಲ್’ಗಳಲ್ಲಿ ಸಿಗುವುದು ಪಠ್ಯಪುಸ್ತಕ, ಗೈಡು, ನೋಟ್‌ಬುಕ್ಕು, ಪೆನ್ನು, ಜೊತೆಗೆ ಪಂಚಾಂಗ. ಹೆಗ್ಗೋಡಿನಲ್ಲೋ ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕಥಾಸಂಕಲನ ಅಲ್ಲಿಗೆ ತಾನಾಗಿ ಬರುವುದಿಲ್ಲ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಿಮರ್ಶೆ ಓದಿ ಹೆಸರು ಬರೆದುಕೊಂಡ ಓದುಗರು ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವುದು ಎಷ್ಟೋ ಸಲ ವರ್ಷದ ಕೊನೆಗೆ, ಯಾವುದಾದರೂ ಮೇಳದಲ್ಲಿ. ಆನ್‌ಲೈನ್ ಅಂಗಡಿಗಳು ಈ ದೂರವನ್ನು ಒಂದಿಷ್ಟು ಕಡಿಮೆ ಮಾಡಿವೆ, ನಿಜ. ಆದರೆ ಅಲ್ಲಿ ಹೆಸರು ಗೊತ್ತಿರುವ ಪುಸ್ತಕವನ್ನು ಹುಡುಕಬಹುದೇ ಹೊರತು, ಹೆಸರೇ ಕೇಳಿರದ ಪುಸ್ತಕವನ್ನು ನಿಂತಲ್ಲೇ ಹತ್ತು ಪುಟ ಓದಿ ಕೊಳ್ಳುವುದು ಕಷ್ಟ. ವರ್ಷದ ಮಾರಾಟಕ್ಕೆ ಜನ ಮುಗಿಬೀಳುವುದರ ಹಿಂದೆ ಆ ಹತ್ತು ಪುಟಗಳ ಪಾಲು ದೊಡ್ಡದು.

ಈ ಕೊರತೆ ಹೊಸದಲ್ಲ, ಅದನ್ನು ತುಂಬಲು ಹೊರಟವರೂ ಹೊಸಬರಲ್ಲ. ಕನ್ನಡ ಕಾದಂಬರಿಗೆ ಓದುಗರನ್ನು ಹುಟ್ಟಿಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ‘ಮಾಧವ ಕರುಣಾವಿಲಾಸ’, ‘ಕುಮುದಿನಿ’ ಬರೆದ ವೆಂಕಟೇಶ ತಿರಕೋ ಕುಲಕರ್ಣಿ ಅವರೇ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಮನುಷ್ಯ ಬರೆಯುವ, ಅಚ್ಚು ಹಾಕಿಸುವ, ಹೊತ್ತು ಮಾರುವ ಮೂರೂ ಕೆಲಸ ಮಾಡಿದರು. ಅವರಿಗೆ ಆ ಹೆಸರು ಕೊಟ್ಟ ಗಳಗನಾಥ ಗ್ರಾಮ ಇರುವುದು ಹಾವೇರಿ ತಾಲ್ಲೂಕಿನಲ್ಲಿ. 2023ರ ಜನವರಿ 6ರಿಂದ 8ರವರೆಗೆ ಅದೇ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಹೊತ್ತು ಓದುಗರ ಮನೆಬಾಗಿಲಿಗೆ ಹೋದವರ ನೆಲಕ್ಕೆ ಓದುಗರೇ ಪುಸ್ತಕ ಹುಡುಕಿಕೊಂಡು ಬಂದರು. ಸಮ್ಮೇಳನದ ಭಾಷಣಗಳಲ್ಲಿ ಗಳಗನಾಥರ ಹೆಸರು ಎಷ್ಟು ಸಲ ಬಂದರೂ ಸಾಲದು.

ಧಾರವಾಡದ ಮನೋಹರ ಗ್ರಂಥಮಾಲೆ ಇನ್ನೊಂದು ದಾರಿ ಹಿಡಿಯಿತು. 1933ರಲ್ಲಿ ಜಿ.ಬಿ. ಜೋಶಿ ಕಟ್ಟಿದ ಆ ಸಂಸ್ಥೆ ನಿಂತದ್ದು ಚಂದಾದಾರರ ಬಲದ ಮೇಲೆ. ಓದುಗರು ವರ್ಷಕ್ಕಿಷ್ಟೆಂದು ಹಣ ಕಟ್ಟಬೇಕು, ಆ ವರ್ಷದ ಪುಸ್ತಕಗಳು ಅವರಿಗೆ ಬರುತ್ತವೆ. ಯಾವ ಪುಸ್ತಕ ಬರಲಿದೆ ಎಂಬುದು ಮೊದಲೇ ಗೊತ್ತಿರದಿದ್ದರೂ ಹಣ ಕಟ್ಟುವವರಿದ್ದರು. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಅಲ್ಲಿಂದಲೇ. ಆಗ ನಾಟಕಕ್ಕೆ ಒಬ್ಬರು, ಕಾದಂಬರಿಗೆ ಇನ್ನೊಬ್ಬರು ಹೊಸಬರು. ಹೊಸಬರನ್ನು ಅಚ್ಚು ಹಾಕುವ ಧೈರ್ಯ ಸುಭಾಸ ರಸ್ತೆಯ ಅಟ್ಟದ ಮೇಲಿದ್ದ ಗ್ರಂಥಮಾಲೆಗೆ ಬಂದದ್ದರಲ್ಲಿ ಮುಂಗಡ ಕಟ್ಟಿದ ಓದುಗರ ಪಾಲೂ ಇತ್ತು. ಮುಂದೆ ಎಂಬತ್ತರ ದಶಕದ ಮೊದಲಲ್ಲಿ ನವಕರ್ನಾಟಕ, ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ 25 ಸಂಪುಟಗಳ ‘ವಿಶ್ವಕಥಾಕೋಶ’ ತಂದಿತು. ಎಷ್ಟೋ ಮಧ್ಯಮ ವರ್ಗದ ಮನೆಗಳಲ್ಲಿ ಆ ಸಂಪುಟಗಳು ಇವತ್ತಿಗೂ ಒಂದೇ ಸಾಲಿನಲ್ಲಿ ನಿಂತಿವೆ. ಒಂದು ಸಂಪುಟ ಯಾರೋ ಒಯ್ದು ಮರಳಿಸದಿದ್ದರೆ ಮನೆಯವರು ಅದನ್ನು ವರ್ಷಗಟ್ಟಲೆ ಮೇಳಗಳಲ್ಲಿ ಹುಡುಕುತ್ತಾರೆ. ಸರ್ಕಾರವೂ ಹಿಂದೆ ಬಿದ್ದಿರಲಿಲ್ಲ. ಕುಮಾರವ್ಯಾಸ ಭಾರತವನ್ನು ಎರಡು ರೂಪಾಯಿಗೆ ಜನರ ಕೈಗೆ ಕೊಟ್ಟ ಕಾಲವನ್ನು ಹಿರಿಯರು ಈಗಲೂ ಎತ್ತಿ ಆಡುತ್ತಾರೆ. ನವೆಂಬರಿನ ಅರ್ಧ ಬೆಲೆ ಆ ಮನಸ್ಸಿನ ಮುಂದುವರಿಕೆ.

ಸಮ್ಮೇಳನದ ಮಳಿಗೆಗಳ ಮಾತಿಗೆ ಬರೋಣ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನ ಸೇರಿದಾಗ ಅದು ವಿದ್ವಾಂಸರ ಸಭೆ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೆಯದು ನಡೆಯುವ ಹೊತ್ತಿಗೆ ಅದು ಜಾತ್ರೆಯಾಗಿತ್ತು. ಜಾತ್ರೆ ಎನ್ನುವುದನ್ನು ಇಲ್ಲಿ ಹೊಗಳಿಕೆಯಾಗಿಯೇ ಹೇಳಿದೆ. ತಗಡಿನ ಗೋಡೆ, ಮೇಲೆ ಟಾರ್ಪಾಲು ಅಥವಾ ಶೀಟು, ನೆಲಕ್ಕೆ ಹಾಸಿದ ಮ್ಯಾಟಿನ ಮೇಲೆ ಕೆಂಪು ದೂಳು, ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಉಳಿದ ಸ್ಟಾಕು. ಹತ್ತು ಹೆಜ್ಜೆಗೊಂದರಂತೆ ಪ್ರಕಾಶನಗಳ ಹೆಸರು ಬದಲಾಗುತ್ತವೆ. ಸಾಹಿತ್ಯ ಭಂಡಾರದ ಮುಂದೆ ಭೈರಪ್ಪನವರ ಕಾದಂಬರಿಗಳಿಗೆ ಗುಂಪು. ಇನ್ನೊಂದೆಡೆ ತೇಜಸ್ವಿ ಪುಸ್ತಕಗಳಿಗೆ ಕಾಲೇಜು ಹುಡುಗರ ಗುಂಪು. ಅವರ ‘ಕರ್ವಾಲೊ’ ಬಂದದ್ದು 1980ರಲ್ಲಿ, ಈಗ ಅದನ್ನು ಕೊಳ್ಳುವ ಹುಡುಗರ ಅಪ್ಪ ಅಮ್ಮಂದಿರೂ ಆಗಿನ್ನೂ ಚಿಕ್ಕವರು. ಡಿ.ವಿ.ಜಿ.ಯವರ ಕಗ್ಗ ಸಿಗದ ಮಳಿಗೆ ಹುಡುಕಿದರೂ ಇಲ್ಲ. ವಿಶ್ವವಿದ್ಯಾಲಯಗಳ ಪ್ರಸಾರಾಂಗ, ಸಾಹಿತ್ಯ ಅಕಾಡೆಮಿ, ನ್ಯಾಷನಲ್ ಬುಕ್ ಟ್ರಸ್ಟ್ ಮಳಿಗೆಗಳಲ್ಲಿ ಗದ್ದಲ ಕಡಿಮೆ, ಆದರೆ ಅಲ್ಲಿಗೆ ಹೋದವರು ಬೇಗ ಹೊರಗೆ ಬರುವುದಿಲ್ಲ.

ಬೇಗ ಹೊರಗೆ ಬರದಿರಲು ಕಾರಣವಿದೆ. ಸಂಸ್ಥೆಗಳ ಹಳೆಯ ಸ್ಟಾಕಿನಲ್ಲಿ ಪುಸ್ತಕದ ಮೇಲೆ ಅಚ್ಚಾದ ಬೆಲೆಯೇ ಬಹಳ ಸಲ ಇಂದಿಗೂ ಬೆಲೆ. ಮೂವತ್ತು ವರ್ಷದ ಹಿಂದೆ ಅಚ್ಚಾದ ಶಾಸನ ಅಧ್ಯಯನ, ಜನಪದ ಕಥೆಗಳ ಸಂಗ್ರಹ, ಕನ್ನಡದಲ್ಲಿ ಬರೆದ ಸಸ್ಯಶಾಸ್ತ್ರ ಅಥವಾ ಭೂವಿಜ್ಞಾನದ ಹೊತ್ತಗೆ ಒಂದು ಊಟದ ದುಡ್ಡಿಗೆ ಸಿಗುತ್ತದೆ. ಅದರ ಮೇಲೂ ರಿಯಾಯಿತಿ. ಅಂಚು ಹಳದಿಯಾಗಿರುತ್ತದೆ, ಹೊಲಿಗೆ ಗಟ್ಟಿಯಾಗಿರುತ್ತದೆ. ಮೈಸೂರು ವಿಶ್ವವಿದ್ಯಾಲಯದ ‘ಪ್ರಚಾರ ಪುಸ್ತಕಮಾಲೆ’ಯ ಹಳೆಯ ಕಿರುಹೊತ್ತಗೆಗಳು ಕೈಗೆ ಸಿಕ್ಕರಂತೂ ಬಿಡಬಾರದು. ಪ್ರಾಧ್ಯಾಪಕರು ಹಳ್ಳಿ, ಪಟ್ಟಣಗಳಿಗೆ ಹೋಗಿ ಕೊಟ್ಟ ಉಪನ್ಯಾಸಗಳನ್ನೇ ಅಚ್ಚು ಮಾಡಿ ಅಗ್ಗದ ಬೆಲೆಗೆ ಹಂಚಿದ ಮಾಲೆ ಅದು. ರೋಗ, ಬೆಳೆ, ನಕ್ಷತ್ರ, ಹಣಕಾಸು ಎಲ್ಲವನ್ನೂ ಸಾಮಾನ್ಯ ಓದುಗರ ಕನ್ನಡದಲ್ಲಿ ಹೇಳುವ ಪಣ ತೊಟ್ಟವರು ಬರೆದದ್ದು. ಇವತ್ತು ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅದೇ ದಾರಿಯಲ್ಲಿ ಅರಳಿದ ಪುಸ್ತಕ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರ ಆ ಬರಹಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ದೊಡ್ಡ ಸೆಟ್‌ಗಳನ್ನು ಜನ ಮೇಳಕ್ಕಾಗಿಯೇ ಕಾಯ್ದಿಟ್ಟುಕೊಳ್ಳುತ್ತಾರೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟ 15 ಹೊತ್ತಗೆಗಳದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳದ್ದು. ನಲವತ್ತರ ದಶಕದಲ್ಲಿ ಕೈಹಾಕಿದ ಆ ಕೆಲಸ ಮುಗಿದದ್ದು ತೊಂಬತ್ತರ ದಶಕದಲ್ಲಿ. ಅದರ ಬಹುಕಾಲದ ಹೊಣೆ ಹೊತ್ತ ಜಿ. ವೆಂಕಟಸುಬ್ಬಯ್ಯನವರು ನೂರು ವರ್ಷ ದಾಟಿ ಬದುಕಿ 2021ರಲ್ಲಿ ತೀರಿಕೊಂಡರು. ಅಷ್ಟು ಜನ ವಿದ್ವಾಂಸರ ಅಷ್ಟು ವರ್ಷಗಳ ಶ್ರಮವನ್ನು ಹಗ್ಗ ಕಟ್ಟಿದ ಒಂದು ಪೆಟ್ಟಿಗೆಯಲ್ಲಿ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ನಡೆಯುವವರನ್ನು ಸಮ್ಮೇಳನದ ಮೂರನೇ ದಿನ ಸಂಜೆ ನೋಡಬೇಕು. ಕಂಡಕ್ಟರು ಲಗೇಜು ಕೇಳಿದರೂ ಅವರ ಮುಖ ಕುಂದುವುದಿಲ್ಲ.

ಮಕ್ಕಳ ಕಡೆಗೂ ಒಂದು ಮಾತು. ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಮಾಲೆಯಲ್ಲಿ 510 ಕಿರುಪುಸ್ತಕಗಳಿವೆ, ಒಂದೊಂದೂ ಅಂಗೈಯಗಲ. ಒಟ್ಟಿಗೆ ಎಲ್ಲವನ್ನೂ ಕೊಡಿಸುವ ಶಕ್ತಿ ಎಲ್ಲ ಮನೆಗೂ ಇರುವುದಿಲ್ಲ, ಕೊಡಿಸಬೇಕಾಗಿಯೂ ಇಲ್ಲ. ಮಗುವಿನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು, ಮೇಜಿನ ಮುಂದೆ ನಿಲ್ಲಿಸಿ, ಅಪ್ಪ ಅಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಸಾಕು. ತಾನೇ ಆರಿಸಿ, ತಾನೇ ದುಡ್ಡು ಎಣಿಸಿ ಕೊಟ್ಟು ತಂದ ಪುಸ್ತಕವನ್ನು ಮಗು ಆ ರಾತ್ರಿಯೇ ಓದಿ ಮುಗಿಸುತ್ತದೆ. ದೊಡ್ಡವರು ‘ಇದು ತಗೋ, ಅದು ಬೇಡ’ ಎಂದು ಕೊಡಿಸಿದ ಪುಸ್ತಕಗಳಿಗೆ ಆ ಭಾಗ್ಯ ಕಡಿಮೆ.

ಇನ್ನು ದುಡ್ಡಿನ ವಿಚಾರ. ನಿಮಗೆ ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ಪ್ರಾಧಿಕಾರ, ಅಕಾಡೆಮಿ, ಪ್ರಸಾರಾಂಗಗಳು ಕೊಡುವ ಅರ್ಧ ಬೆಲೆ ಸಾರ್ವಜನಿಕ ಹಣದ್ದು. ನಿಮ್ಮದೇ ತೆರಿಗೆ ನಿಮಗೆ ಪುಸ್ತಕವಾಗಿ ಮರಳುತ್ತಿದೆ. ಅಲ್ಲಿ ಸಂಕೋಚವಿಲ್ಲದೆ ಚೀಲ ತುಂಬಿಕೊಳ್ಳಿ. ಖಾಸಗಿ ಪ್ರಕಾಶಕರ ಮೇಜಿನ ಲೆಕ್ಕ ಬೇರೆ. ಕನ್ನಡದ ಸಾಮಾನ್ಯ ಕೃತಿಯೊಂದರ ಮೊದಲ ಮುದ್ರಣ ಹೆಚ್ಚೆಂದರೆ ಸಾವಿರ ಪ್ರತಿ. ಈಗ ಇನ್ನೂರು, ಮುನ್ನೂರು ಪ್ರತಿ ಹಾಕಿಸಿ ನೋಡುವವರೂ ಇದ್ದಾರೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಅಚ್ಚು ಹಾಕುವ ಕಾಗದಕ್ಕೆ ಇದೆ. ಡಿಟಿಪಿ, ಕರಡು ತಿದ್ದುವವರು, ಮುಖಪುಟ ಕಲಾವಿದರು, ಬೈಂಡಿಂಗು, ಲೇಖಕರ ಗೌರವಧನ ಎಲ್ಲವೂ ಮುಖಬೆಲೆಯಿಂದಲೇ ಬರಬೇಕು. ಅಂಗಡಿಯ ಮೂಲಕ ಮಾರಿದರೆ ಬೆಲೆಯ ದೊಡ್ಡ ಪಾಲು ಕಮಿಷನ್ನಿಗೆ ಹೋಗುತ್ತದೆ. ಮೇಳದಲ್ಲಿ ಪ್ರಕಾಶಕರೇ ನಿಂತು ಮಾರುವಾಗ ಆ ಕಮಿಷನ್ನಿನ ಒಂದಿಷ್ಟನ್ನು ನಿಮಗೆ ಬಿಟ್ಟುಕೊಡುತ್ತಾರೆ, ಉಳಿದದ್ದರಲ್ಲಿ ಮಳಿಗೆಯ ಬಾಡಿಗೆ, ಲಾರಿ ಬಾಡಿಗೆ, ಹುಡುಗರ ಊಟ ಆಗಬೇಕು. ‘ಅಲ್ಲಿ ಅರ್ಧಕ್ಕೆ ಕೊಡ್ತಾರೆ, ನೀವ್ಯಾಕೆ ಇಷ್ಟೇ?’ ಎಂದು ಚಿಕ್ಕ ಪ್ರಕಾಶಕರ ಜೊತೆ ಜಗ್ಗಾಡುವುದು ಅನ್ಯಾಯ. ದಯವಿಟ್ಟು ಅದೊಂದನ್ನು ಬಿಡಿ.

ಸರ್ಕಾರದ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುತ್ತದಲ್ಲ ಎಂದು ಕೇಳಬಹುದು. ಕೊಳ್ಳುತ್ತದೆ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ, ಆಯ್ಕೆಯಾದ ಕೃತಿಯ 300 ಪ್ರತಿಗಳನ್ನು ಇಲಾಖೆ ಖರೀದಿಸುವ ಪದ್ಧತಿ ಕನ್ನಡ ಪ್ರಕಾಶನವನ್ನು ದಶಕಗಳ ಕಾಲ ತಾಂಗಿ ಹಿಡಿದಿದೆ. ಆದರೆ ಆಯ್ಕೆ ತಡವಾಗುತ್ತದೆ, ಹಣ ಇನ್ನೂ ತಡವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲಾಖೆಯ ಖರೀದಿಯಿಂದ ಒಂದು ಪುಸ್ತಕವನ್ನು ಓದುಗರು ಬಯಸುತ್ತಿದ್ದಾರೋ ಇಲ್ಲವೋ ಎಂಬುದು ಪ್ರಕಾಶಕರಿಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಮೇಳದ ಮೇಜಿನ ಮುಂದೆ. ಯಾವ ಪುಸ್ತಕವನ್ನು ಎಷ್ಟು ಜನ ಎತ್ತಿ ನೋಡಿದರು, ‘ಮುಗಿದಿದೆ’ ಎಂದಾಗ ಯಾರ ಮುಖ ಬಾಡಿತು, ಯಾವ ಹೆಸರನ್ನು ಕೇಳಿಕೊಂಡು ಬಂದರು, ಇವನ್ನೆಲ್ಲ ಮಳಿಗೆಯ ಹಿಂದೆ ನಿಂತವರು ಮರೆಯುವುದಿಲ್ಲ. ಮರುಮುದ್ರಣದ ತೀರ್ಮಾನ ಅಲ್ಲಿಂದ ಹುಟ್ಟುತ್ತದೆ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಈ ವರ್ಷದ ಪಟ್ಟಿಯಲ್ಲಿರುವ ಹೆಸರುಗಳನ್ನೆಲ್ಲ ಕೊಂಡ ಮೇಲೆ, ಪಟ್ಟಿಯಲ್ಲಿಲ್ಲದ ಒಂದು ಪುಸ್ತಕಕ್ಕೆ ದುಡ್ಡು ಉಳಿಸಿಕೊಳ್ಳಿ. ಯಾರೂ ಹೆಸರೆತ್ತದ ಲೇಖಕರದ್ದು, ಮೊದಲ ಸಂಕಲನದ್ದು, ಕೆಳಸಾಲಿನದ್ದು. ಇದು ದಯೆಯ ಮಾತಲ್ಲ. ಬಾನು ಮುಷ್ತಾಕ್ ಅವರ ಮೊದಲ ಕಥಾಸಂಕಲನ ‘ಹೆಜ್ಜೆ ಮೂಡಿದ ಹಾದಿ’ ಬಂದದ್ದು 1990ರಲ್ಲಿ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕನ್ನಡದ ಓದುಗರು ಅವರ ಮೂಲ ಕಥೆಗಳಿಗಾಗಿ ಅಂಗಡಿಗಳಲ್ಲಿ ವಿಚಾರಿಸತೊಡಗಿದರು. ಆ ಕಥೆಗಳು ಮೂರು ದಶಕಗಳಿಂದ ಇಲ್ಲೇ, ಕನ್ನಡದಲ್ಲೇ ಇದ್ದವು. ಆಗ ಕೊಂಡು ಓದಿದವರು ಲಂಡನ್ನಿನ ತೀರ್ಪುಗಾರರಿಗಿಂತ ಬಹಳ ಮುಂಚೆ ಅವರನ್ನು ಕಂಡುಕೊಂಡಿದ್ದರು. ಇವತ್ತಿನ ಯಾವುದೋ ಮೇಜಿನ ಮೇಲೆ ಅಂಥ ಇನ್ನೊಂದು ಸಂಕಲನ ಇದೆ ಎಂದು ನಂಬಲು ಕನ್ನಡದ ಓದುಗರಿಗೆ ಪೂರ್ತಿ ಅಧಿಕಾರವಿದೆ.

ಬೇಕಾದ ಪುಸ್ತಕ ಸಿಗದಿದ್ದರೆ ಸುಮ್ಮನೆ ಮುಂದೆ ಹೋಗಬೇಡಿ. ಹೆಸರು ಹೇಳಿ, ಯಾವಾಗ ಮರುಮುದ್ರಣ ಎಂದು ಕೇಳಿ, ಮಳಿಗೆಯ ನೋಟ್‌ಬುಕ್ಕಿನಲ್ಲಿ ಬರೆಸಿ ಬನ್ನಿ. ಮಳಿಗೆಯವರಿಗೆ ಅದು ತೊಂದರೆಯಲ್ಲ, ಅವರಿಗೆ ಬೇಕಾದ ಸುದ್ದಿಯೇ ಅದು.

ಮೇಳಗಳ ಜಾಗವೂ ಹಿಗ್ಗುತ್ತಿದೆ. 2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸೌಧದ ಅಂಗಳದಲ್ಲಿ ಪುಸ್ತಕ ಮೇಳ ನಡೆದು, ಪಾಸು, ಪೊಲೀಸು ಎಂದು ಹೊರಗೇ ನಿಲ್ಲುತ್ತಿದ್ದ ಜನ ಪುಸ್ತಕ ಕೊಳ್ಳಲು ಒಳಗೆ ಹೋದರು. ಬೆಂಗಳೂರಿನ ಬಡಾವಣೆಗಳ ಮೈದಾನಗಳಿಗೆ ವೀರಲೋಕ ಪ್ರಕಾಶನದವರ ‘ಪುಸ್ತಕ ಸಂತೆ’ ಬಂತು. ಮೈಸೂರಿಗೆ ದಸರಾ ಪುಸ್ತಕ ಮೇಳವಿದೆ. ಅಕ್ಟೋಬರಿನ ನೀನಾಸಂ ಶಿಬಿರಕ್ಕೆ ಹೆಗ್ಗೋಡಿಗೆ ಹೋದವರು ಅಕ್ಷರ ಪ್ರಕಾಶನದ ಪುಸ್ತಕಗಳಿಲ್ಲದೆ ಮರಳುವುದು ಅಪರೂಪ. ಇಷ್ಟಾದರೂ ಬಹುಪಾಲು ತಾಲ್ಲೂಕುಗಳಿಗೆ ಇಂಥದ್ದೊಂದು ದಿನ ವರ್ಷಕ್ಕೊಮ್ಮೆಯೂ ಬರುವುದಿಲ್ಲ. ಊರಿನ ಜಾತ್ರೆಯಲ್ಲಿ ಒಂದು ಮೇಜು, ಶಾಲಾ ವಾರ್ಷಿಕೋತ್ಸವದ ದಿನ ವರಾಂಡದಲ್ಲಿ ಎರಡು ಬೆಂಚು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಹತ್ತಿರದ ಜಿಲ್ಲಾ ಕೇಂದ್ರದ ಮಾರಾಟಗಾರರಿಗೆ ಮೊದಲೇ ಹೇಳಿದರೆ ಪೆಟ್ಟಿಗೆ ಕಳಿಸುವವರಿದ್ದಾರೆ. ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಇಷ್ಟು ಓಡಾಡಿದರೆ ನಡೆಯುವ ಕೆಲಸ ಇದು.

ಮೇಳಕ್ಕೆ ಬರಲಾಗದವರಿಗೆ ನೀವೇ ಕೊಂಡು ಕಳಿಸಲೂಬಹುದು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ನೋಂದಾಯಿತ ಬುಕ್ ಪೋಸ್ಟ್ ನಿಲ್ಲಿಸಿದಾಗ ಚಿಕ್ಕ ಪ್ರಕಾಶಕರು ಕಂಗಾಲಾಗಿದ್ದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಶುರುವಾಗಿದೆ. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋ ತನಕ 100 ರೂಪಾಯಿ, ಮೇಲೆ ತೆರಿಗೆ ಎಂದು ದರ ಗೊತ್ತುಮಾಡಿ ತೊಡಗಿದ ಸೇವೆ. ರೈಲು, ರಸ್ತೆ ಮಾರ್ಗದಲ್ಲಿ ಹೋಗುವುದರಿಂದ ನಾಲ್ಕು ದಿನ ಹೆಚ್ಚು ಹಿಡಿಯಬಹುದು, ಅಷ್ಟೇ. ನೀವು ಓದಿದ ಶಾಲೆಯ ವಿಳಾಸ ನಿಮಗೆ ಗೊತ್ತಿದೆ. ಐದು ಕಿಲೋ ಪುಸ್ತಕ ಎಂದರೆ ಆ ಶಾಲೆಯ ಕಪಾಟಿನಲ್ಲಿ ಒಂದು ಸಾಲು. ಕಳಿಸುವ ಮುನ್ನ ಮುಖ್ಯೋಪಾಧ್ಯಾಯರಿಗೆ ಒಂದು ಫೋನ್ ಮಾಡಿ, ಮಕ್ಕಳು ಯಾವ ತರಗತಿಯವರು, ಯಾವ ಪುಸ್ತಕ ಈಗಾಗಲೇ ಇದೆ ಎಂದು ಕೇಳಿಕೊಳ್ಳಿ. ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನೂ ಕೇಳಿ.